ಕರಿಯನನ್ನು ಗುಡ್ಡಕ್ಕೆ ಕರೆದೊಯ್ಯಬೇಕೆ?

ಪ್ರಶ್ನೆ: ಮದುವೆಯಾಗಿ ಮೂರು ವರ್ಷ. ನಮ್ಮ ಮನೆಯವರಿಗೆ ಬೆಂಗಳೂರಿನಲ್ಲಿ ಕೆಲಸ, ಅಲ್ಲಿ ಗೆಳೆಯರ ಜೊತೆ ಚಾರಣದ ಹುಚ್ಚು ಹತ್ತಿದೆ. ದೀಪಾವಳಿಗೆ ಊರಿಗೆ ಬಂದಾಗ ನಮ್ಮ ನಾಯಿ ಕರಿಯನನ್ನೂ ಕರೆದುಕೊಂಡು ಗುಡೇಕೋಟೆ ಕಡೆ ಗುಡ್ಡ ಹತ್ತಿ, ರಾತ್ರಿ ಟೆಂಟ್ ಹಾಕಿ ಉಳಿಯೋಣ ಅನ್ನುತ್ತಾರೆ. ನನಗೆ ಕರಡಿ ಭಯ. ಹೇಳಿದರೆ, "ನಾಯಿ ಇರ್ತತಲ್ಲ, ಯಾಕೆ ಅಂಜ್ತಿ?" ಎಂದು ನಗುತ್ತಾರೆ. ಬರುವುದಿಲ್ಲ ಅಂದರೆ ಮುನಿಸು. ಅತ್ತೆಯೂ "ಗಂಡ ಕರದಾಗ ಹೋಗಬೇಕವ್ವ" ಅನ್ನುತ್ತಾರೆ. ನಾನು ಅಂಜುಬುರುಕಿಯೇ?
ಹೆಸರು ಬೇಡ, ಕೂಡ್ಲಿಗಿ ತಾಲ್ಲೂಕು

ಉತ್ತರ: ಇಲ್ಲ ತಂಗಿ. ಗುಡೇಕೋಟೆಯ ಗುಡ್ಡದಲ್ಲಿ ಕರಡಿಗೆ ಅಂಜುವುದು ತಿಳಿವಳಿಕೆ. ಆ ಸೀಮೆಯಲ್ಲಿ ಹುಟ್ಟಿ ಬೆಳೆದು ಕುರಿ ಕಾಯುವವರೂ ಹೊತ್ತು ಮುಳುಗುವ ಮೊದಲು ಗುಡ್ಡ ಇಳಿಯುತ್ತಾರೆ. 2013ರಲ್ಲಿ ಸರ್ಕಾರ ಅಲ್ಲಿ ಕರಡಿಧಾಮ ಘೋಷಿಸಿದ್ದೂ ಅಲ್ಲಿ ಅಷ್ಟು ಕರಡಿಗಳಿವೆ ಎಂದೇ.

ಮೊದಲು ನಾಯಿಯ ಮಾತು, ಏಕೆಂದರೆ ನಿಮ್ಮವರ ಧೈರ್ಯವೆಲ್ಲ ಅದರ ಮೇಲೆ ನಿಂತಿದೆ. ಕರಡಿ ಹಗಲೆಲ್ಲ ಬಂಡೆಗಳ ಸಂದಿಯಲ್ಲಿ, ಗವಿಯಲ್ಲಿ ಮಲಗಿರುತ್ತದೆ. ಇಳಿಹೊತ್ತಿಗೆ ಗೆದ್ದಲು, ಜೇನು, ಕಾಡುಹಣ್ಣು ಹುಡುಕಿಕೊಂಡು ಹೊರಡುತ್ತದೆ. ಮೂಗು ಬಲು ಚುರುಕು, ಕಣ್ಣು ಮಂದ. ಹುತ್ತ ಕೆದರುವುದರಲ್ಲಿ ಮುಳುಗಿದ್ದಾಗ ನಾವು ಹತ್ತಿರ ಬಂದದ್ದೂ ಅದಕ್ಕೆ ತಿಳಿಯುವುದಿಲ್ಲ. ತಟ್ಟನೆ ಎದುರಾದರೆ ಎಷ್ಟೋ ಸಲ ಓಡಿಹೋಗದೆ ಮೈಮೇಲೆ ಬೀಳುತ್ತದೆ, ಅದೂ ಮುಖ ತಲೆಗೇ. ಇಂಥ ಕಡೆ ಕರಿಯ ಏನು ಮಾಡುತ್ತಾನೆ? ಮುಂದೆ ಓಡಿ ಗವಿಯ ಬಾಯಲ್ಲಿ ನಿಂತು ಬೊಗಳುತ್ತಾನೆ. ಕರಡಿ ಎದ್ದು ಬಂದ ಕೂಡಲೇ ಬಾಲ ಮುದುರಿಕೊಂಡು ನಿಮ್ಮಿಬ್ಬರ ಕಾಲ ಬುಡಕ್ಕೇ ಬರುತ್ತಾನೆ, ಹಿಂದೆಯೇ ಕರಡಿ. ದೀಪಾವಳಿಯ ಆಚೀಚೆ ಅದು ಗವಿಯಲ್ಲಿ ಮರಿ ಹಾಕುವ ಕಾಲ ಶುರುವಾಗುತ್ತದೆ ಎನ್ನುವುದನ್ನೂ ನೆನಪಿಡಿ. ಇನ್ನು ರಾತ್ರಿ ಟೆಂಟಿನ ಪಕ್ಕ ನಾಯಿ ಕಟ್ಟಿದರೆ ಚಿರತೆಯನ್ನು ಕರೆದಂತೆ. ನಾಯಿ ಎಂದರೆ ಚಿರತೆಗೆ ಬಲು ಇಷ್ಟ, ನಮ್ಮ ಹಟ್ಟಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಮಾತೂ ಇದೆ. ಗುಡೇಕೋಟೆಯ ಕರಡಿಧಾಮವೂ ಅಭಯಾರಣ್ಯವೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವಂತೆಯೇ ಇಲ್ಲ. ನಾಯಿಯಂತೂ ಬೇಡವೇ ಬೇಡ, ಏಕೆಂದರೆ ರೇಬೀಸ್, ಡಿಸ್ಟೆಂಪರ್‌ನಂಥ ರೋಗಗಳು ಸಾಕುನಾಯಿಯಿಂದ ಕಾಡುಪ್ರಾಣಿಗಳಿಗೂ ಅಂಟುತ್ತವೆ.

ಈಗ ನಿಮ್ಮಿಬ್ಬರ ಮಾತು. ವರ್ಷದ ಬಹುಪಾಲು ದೂರವೇ ಇರುವ ಗಂಡ ರಜೆಗೆ ಬಂದು ಹೆಂಡತಿಯ ಜೊತೆ ನಡೆಯಬೇಕು ಅನ್ನುವುದು ಸಣ್ಣ ಪ್ರೀತಿಯಲ್ಲ. ನೀವು "ಬರಲ್ಲ" ಅಂದಾಗ ಅವರಿಗೆ "ನಿಮ್ಮ ಜೊತೆ ಬರಲ್ಲ" ಎಂದು ಕೇಳಿಸಿರಬಹುದು. ಮುನಿಸು ಅದಕ್ಕೇ ಇರಬೇಕು. ಹಾಗಾಗಿ ಊಟವಾಗಿ ಸಮಾಧಾನವಾಗಿರುವಾಗ ಹೇಳಿ: "ನಿಮ್ಮ ಜೊತೆ ನಡೆಯೋಕೆ ನನಗೂ ಆಸೆ ಇದೆ. ಆ ಗುಡ್ಡ ಬೇಡ, ಅಲ್ಲಿ ರಾತ್ರಿ ಬೇಡ." ಅವರು ನಗುವುದು ಮಾತ್ರ ಸರಿಯಲ್ಲ, ಅದನ್ನೂ ಬಾಯಿಬಿಟ್ಟು ಹೇಳಿ. ಚಾರಣದ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಬೇಕು ಎಂಬುದು ಅವರಿಗೂ ಗೊತ್ತು. ಅಂಜಿದವರ ಮಾತಿಗೂ ಅಷ್ಟೇ ಬೆಲೆ ಸಿಗಬೇಕು.

ಅವರ ಆಸೆ ಮುರಿಯದಿರಲು ಎರಡು ತಿರುಗಾಟಗಳನ್ನು ನೀವೇ ಸೂಚಿಸಿ. ಒಂದು ದಿನ ಕರಿಯನನ್ನು ಅತ್ತೆಯ ಹತ್ತಿರ ಬಿಟ್ಟು ದರೋಜಿಗೆ ಹೋಗಿ. 1994ರಲ್ಲಿ ಆದ ಆ ಕರಡಿಧಾಮದಲ್ಲಿ ವೀಕ್ಷಣಾ ಗೋಪುರವಿದೆ. ಮಧ್ಯಾಹ್ನದ ಮೇಲೆ ಅಲ್ಲಿ ಕೂತರೆ ಬೆಲ್ಲ, ಜೇನು ಸವರಿದ ಬಂಡೆ ನೆಕ್ಕಲು ಕರಡಿಗಳು ಇಳಿದು ಬರುವುದನ್ನು ದೂರದಿಂದ ನೋಡಬಹುದು. ಅದನ್ನು ಕಂಡ ಮೇಲೆ ಗುಡೇಕೋಟೆಯ ಮಾತು ಅವರೇ ಕೈಬಿಟ್ಟಾರು.

ಇನ್ನೊಂದು ದಿನ ಕರಿಯನ ಜೊತೆ. ಬಿಸಿಲೇರುವ ಮೊದಲು ನಿಮ್ಮ ಹೊಲದ ಬದುಗಳಲ್ಲಿ, ಬಂಡಿದಾರಿಯಲ್ಲಿ ನಡೆಯಿರಿ. ಹಗ್ಗ ಕೈಯಲ್ಲೇ ಇರಲಿ, ಕುರಿಹಿಂಡು ಕಂಡರೆ ಸುತ್ತು ಹಾಕಿ ಹೋಗಿ, ಹಿಂಡಿನ ನಾಯಿಗಳು ಸುಮ್ಮನೆ ಬಿಡುವುದಿಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಣಿಯಬೇಕು. ಆದ್ದರಿಂದ ಅದಕ್ಕೆ ಬೇರೆ ನೀರು, ಒಂದು ಬಟ್ಟಲು ಇಟ್ಟುಕೊಳ್ಳಿ. ಬಂಡೆಯ ಮೇಲೆ ನಿಮ್ಮ ಅಂಗೈ ಹಿಂಭಾಗ ಐದಾರು ಸೆಕೆಂಡು ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ಮನೆಗೆ ಬಂದು ಬೆರಳ ಸಂದಿ ಬಿಡಿಸಿ ನೆಗ್ಗಿಲು ಮುಳ್ಳು ತೆಗೆಯಿರಿ, ಕಿವಿಯೊಳಗೆ ಉಣ್ಣೆ ನೋಡಿ. ರೇಬೀಸ್ ಲಸಿಕೆ ಈ ವರ್ಷದ್ದು ಆಗಿದೆಯೇ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಅಂಕಸಮುದ್ರದ ಕೆರೆಗೆ ಮಾತ್ರ ಅವನನ್ನು ಒಯ್ಯಬೇಡಿ, 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿದ ಆ ಪಕ್ಷಿತಾಣದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ.

ಇಷ್ಟಾದರೂ ನಿಮ್ಮವರು ಗುಡೇಕೋಟೆಗೇ ಹಟ ಹಿಡಿದರೆ, ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಕೇಳಿ ಬರಲಿ. ನೀವು ಹೋಗಲೇಬೇಕಿಲ್ಲ, ಅತ್ತೆಗೂ ಹಾಗೇ ಹೇಳಿ. ಕರಿಯ ಮನೆಯಲ್ಲೇ ಇರಲಿ.