ಹಳೆಯ ಎಂಜಿನ್, ಬೇರೆ ಗೇರ್‌ಬಾಕ್ಸ್: ಜೋಡಣೆಯ ಲೆಕ್ಕ

ನೊಗಕ್ಕೆ ಎರಡು ಎತ್ತುಗಳನ್ನು ಹೂಡುವ ಮೊದಲು ರೈತನು ಅವುಗಳ ಎತ್ತರ, ನಡಿಗೆ ಮತ್ತು ಕಸುವನ್ನು ನೋಡುತ್ತಾನೆ. ಒಂದು ಬಿರುಸಾಗಿ ಇನ್ನೊಂದು ನಿಧಾನವಾದರೆ ಬಂಡಿಯೂ ಸಾಗದು, ನೊಗವೂ ಉಳಿಯದು. ಯಂತ್ರಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

2021ರಲ್ಲಿ ನಮ್ಮ ರಾಜ್ಯದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ ಅವರು ಗುಜರಿ ಸಾಮಗ್ರಿಗಳಿಂದ ಚಿಕ್ಕ ಜೀಪೊಂದನ್ನು ತಾವೇ ಕಟ್ಟಿ ದೇಶದ ಗಮನ ಸೆಳೆದರು. ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನಿಗೆ ಹಳೆಯ ಜೀಪಿನ ಗೇರ್‌ಬಾಕ್ಸನ್ನು ಕೂಡಿಸಿದ ‘ಜುಗಾಡ್’ ಬಂಡಿಗಳು ಪ್ರಸಿದ್ಧವಾಗಿವೆ. ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ವಿದ್ಯಾರ್ಥಿಗಳಿಗೆ ಬಾವಿಯ ಎಂಜಿನ್ ಅಪರಿಚಿತವಲ್ಲ. ಆದ್ದರಿಂದ ಅದನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಜೋಡಣೆಯ ತತ್ತ್ವವನ್ನು ವಿಚಾರಿಸೋಣ.

1. ಅಂಗಗಳ ಹೊಂದಾಣಿಕೆ

ಎಂಜಿನ್ನಿನ ಹಿಂಬದಿಯ ಬೋಲ್ಟ್ ರಂಧ್ರಗಳು ಬೇರೆ ಗೇರ್‌ಬಾಕ್ಸಿನ ರಂಧ್ರಗಳಿಗೆ ಸರಿಹೊಂದುವುದು ಅಪರೂಪ. ಆಗ ನಡುವೆ ದಪ್ಪನೆಯ ಲೋಹದ ಫಲಕವೊಂದನ್ನು ಲೇಥ್ ಯಂತ್ರದಲ್ಲಿ ಸಿದ್ಧಪಡಿಸಬೇಕಾಗುತ್ತದೆ. ಎಂಜಿನ್ನಿನ ಕ್ರ್ಯಾಂಕ್ ದಂಡವೂ ಗೇರ್‌ಬಾಕ್ಸಿನ ಒಳದಂಡವೂ ಒಂದೇ ನೇರದಲ್ಲಿರಬೇಕು. ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಓರೆಯಾದರೂ ಬೇರಿಂಗುಗಳು ಬೇಗ ಸವೆಯುತ್ತವೆ. ಕ್ಲಚ್ ತಟ್ಟೆಯ ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ದಂಡಕ್ಕೆ ಹೊಂದಬೇಕು. ತಟ್ಟೆಯ ವ್ಯಾಸವು ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು. ತಿರುಗುವ ದಿಕ್ಕನ್ನೂ ಮರೆಯಲಾಗದು. ಅದು ವಿರುದ್ಧವಾದರೆ ಬಂಡಿಗೆ ಹಿಂದಕ್ಕೆ ಹೋಗಲು ಮೂರು ಗೇರು, ಮುಂದೆ ಹೋಗಲು ಒಂದೇ ಗೇರು ದೊರೆಯುತ್ತದೆ!

2. ವೇಗದ ಲೆಕ್ಕ

ಕಿರ್ಲೋಸ್ಕರ್ ಎವಿ-1 ಎಂಜಿನ್ ನಿಮಿಷಕ್ಕೆ 1500 ಸುತ್ತುಗಳಲ್ಲಿ 5 ಅಶ್ವಶಕ್ತಿ ನೀಡುತ್ತದೆ. ವಿಲ್ಲೀಸ್ ಜೀಪಿನ ಪೆಟ್ರೋಲ್ ಎಂಜಿನ್ನಾದರೋ 4000 ಸುತ್ತುಗಳವರೆಗೆ ಓಡುವಂತಹುದು. ಆ ಜೀಪಿನ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿನ ಪ್ರಮಾಣ 2.798, ಮೂರನೆಯದು 1, ಆಕ್ಸಲಿನದು 5.38. ಚಕ್ರದ ಸುತ್ತಳತೆ ಸುಮಾರು 2.25 ಮೀಟರ್.

1500ನ್ನು 5.38ರಿಂದ ಭಾಗಿಸಿದರೆ ಮೂರನೆಯ ಗೇರಿನಲ್ಲಿ ಚಕ್ರವು ನಿಮಿಷಕ್ಕೆ ಸುಮಾರು 279 ಸುತ್ತು ತಿರುಗುತ್ತದೆ. ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗ. ಮೊದಲ ಗೇರಿನಲ್ಲಿ ಅದು ಸುಮಾರು 13 ಕಿಲೋಮೀಟರ್. ಹಳ್ಳಿಯ ರಸ್ತೆಗೆ ಇದು ಸಾಲುತ್ತದೆಂದು ತೋರುವುದು ಸಹಜ.

3. ಬಲದ ಲೆಕ್ಕ

ಆದರೆ ವೇಗವೊಂದೇ ಸಾಲದು. ಈ ಎಂಜಿನ್ನಿನ ತಿರುಗುಬಲ ಸುಮಾರು 23.5 ನ್ಯೂಟನ್ ಮೀಟರ್. ಜೀಪಿನ ಮೂಲ ಎಂಜಿನ್ನಿನದು ಇದರ ಆರು ಪಟ್ಟು. ಮೊದಲ ಗೇರು ಮತ್ತು ಆಕ್ಸಲುಗಳ ಪ್ರಮಾಣಗಳಿಂದ ಗುಣಿಸಿದರೆ ಚಕ್ರದ ಬಳಿ 354 ನ್ಯೂಟನ್ ಮೀಟರ್ ಆಗುತ್ತದೆ. ಚಕ್ರದ ತ್ರಿಜ್ಯ 0.36 ಮೀಟರಾದ್ದರಿಂದ, ನೆಲದ ಮೇಲಿನ ಎಳೆತ ಸುಮಾರು 100 ಕಿಲೋಗ್ರಾಂ ತೂಕದಷ್ಟು.

ತೊಗರಿ ಚೀಲಗಳನ್ನು ಹೇರಿದ ಬಂಡಿಯ ಒಟ್ಟು ತೂಕ 1500 ಕಿಲೋಗ್ರಾಂ ಎಂದುಕೊಳ್ಳೋಣ. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಅದನ್ನು ಸಾಗಿಸಲು ಸುಮಾರು 22 ಕಿಲೋಗ್ರಾಂ ಎಳೆತ ಬೇಕು. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುವ ಏರುದಾರಿಯಲ್ಲಿ ಇನ್ನೂ 75 ಕಿಲೋಗ್ರಾಂ ಬೇಕಾಗುತ್ತದೆ. ಒಟ್ಟು 97. ಗೇರುಗಳ ಘರ್ಷಣೆಯಲ್ಲಿ ಆಗುವ ನಷ್ಟವನ್ನು ಕಳೆದರೆ ನಮ್ಮ ಬಳಿ 90ಕ್ಕಿಂತ ಹೆಚ್ಚು ಉಳಿಯದು. ಎಂಜಿನ್ ಏರಿನ ನಡುವೆಯೇ ನಿಂತುಬಿಡುತ್ತದೆ.

ಜೀಪಿನ ಟ್ರಾನ್ಸ್‌ಫರ್ ಕೇಸನ್ನೂ ಉಳಿಸಿಕೊಂಡರೆ ಅದರ ಕೆಳ ಗೇರಿನ ಪ್ರಮಾಣ 2.46 ಸೇರಿ ಎಳೆತವು ಎರಡೂವರೆ ಪಟ್ಟಿನಷ್ಟಾಗುತ್ತದೆ. ಬಂಡಿ ಏರನ್ನು ಹತ್ತುತ್ತದೆ. ಆದರೆ ವೇಗ ಗಂಟೆಗೆ ಐದೂವರೆ ಕಿಲೋಮೀಟರಿಗಿಂತಲೂ ಕಡಿಮೆಯಾಗುತ್ತದೆ. ಗೇರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ವೇಗವನ್ನು ಪಡೆದು ಬಲವನ್ನು ಕೊಡುತ್ತದೆ, ಅಷ್ಟೆ. ಇದೇ ಈ ಪಾಠದ ತಿರುಳು. ವಿರುದ್ಧ ಸಂದರ್ಭವೂ ಉಂಟು: ಬಲಿಷ್ಠ ಎಂಜಿನ್ನಿಗೆ ದುರ್ಬಲ ಗೇರ್‌ಬಾಕ್ಸ್ ಕೂಡಿಸಿದರೆ ಗೇರಿನ ಹಲ್ಲುಗಳೇ ಮುರಿಯುತ್ತವೆ.

4. ಇಳಿಜಾರಿನ ಪರೀಕ್ಷೆ

ಏರಿನಲ್ಲಿ ನಿಂತ ಬಂಡಿಗಿಂತ ಇಳಿಜಾರಿನಲ್ಲಿ ನಿಲ್ಲದ ಬಂಡಿ ಹೆಚ್ಚು ಅಪಾಯಕಾರಿ. ಜುಗಾಡ್ ಬಂಡಿಗಳಲ್ಲಿ ಹಲವೆಡೆ ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬಲವು ಬೆಲ್ಟಿನ ಮೂಲಕ ಸಾಗುತ್ತದೆ. ಬೆಲ್ಟ್ ಹರಿದರೆ ಎಂಜಿನ್ನಿನ ತಡೆಯೂ ಇಲ್ಲವಾಗುತ್ತದೆ. ಬ್ರೇಕಿನ ಮೇಲೆಯೇ ಎಲ್ಲರ ಪ್ರಾಣ ನಿಲ್ಲುತ್ತದೆ. ಆದ್ದರಿಂದ ಬ್ರೇಕನ್ನು ಎಂಜಿನ್ನಿನ ಕಸುವಿಗಲ್ಲ, ಹೇರಿದ ಬಂಡಿಯ ಪೂರ್ಣ ತೂಕಕ್ಕೆ ಸರಿಯಾಗಿ ಅಳವಡಿಸಬೇಕು.

ಕಾನೂನಿನ ಆಶಯವೂ ಇದೇ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಜುಗಾಡ್ ಬಂಡಿಗಳೂ ಮೋಟಾರು ವಾಹನಗಳೇ, ಕಾಯ್ದೆಯ ನಿಯಮಗಳನ್ನು ಪಾಲಿಸದೆ ಅವು ರಸ್ತೆಗೆ ಇಳಿಯಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಸ್ಪಷ್ಟಪಡಿಸಿತು. ಹೊಲದೊಳಗಿನ ಪ್ರಯೋಗ ಬೇರೆ, ಜನರನ್ನು ಕೂರಿಸಿಕೊಂಡು ಹೆದ್ದಾರಿಗೆ ಬರುವುದು ಬೇರೆ.

ವಿದ್ಯಾರ್ಥಿಗಳೇ, ಮೇಲಿನ ಲೆಕ್ಕಗಳಲ್ಲಿ ಗುಣಾಕಾರ, ಭಾಗಾಕಾರಗಳಿಗಿಂತ ಮಿಗಿಲಾದುದು ಏನೂ ಇಲ್ಲ. ನಮ್ಮ ಕನ್ನಡ ಶಾಲೆಯ ಗಣಿತವೇ ಅದಕ್ಕೆ ಸಾಕು. ಕೈಯಲ್ಲಿ ಪಾನಾ ಹಿಡಿಯುವ ಮೊದಲು ಸೀಸದಕಡ್ಡಿ ಹಿಡಿಯಿರಿ. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಇಳಿಜಾರಿನಲ್ಲಿ ತೋರಿದ ತಪ್ಪನ್ನು ಅಳಿಸಲಾಗದು.