ತಪಾಸಣೆಯವರು ನಮ್ಮನ್ನು ಕೇಳಿದರೆ ಏನು ಹೇಳೋಣ?



ಸ್ವಸಹಾಯ ಸಂಘದ ಮಹಿಳೆಯರು ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡುವಾಗ ಚೀಟಿ ಮಾಡಿಸಿಕೊಡುತ್ತಾರೆ, ದಾರಿ ತೋರಿಸುತ್ತಾರೆ, ಬಾಣಂತಿಯರ ಹತ್ತಿರ ಕೂಡುತ್ತಾರೆ. ಆದರೆ "ತಪಾಸಣೆಯವರು ಬರ್ತಾರಂತ" ಎಂದ ಕೂಡಲೇ ಎದೆ ಡವಡವ! "ನಾವು ಸಾಲಿ ಕಲಿತವರಲ್ರಿ, ಏನಂತ ಹೇಳಬೇಕು?" ಎಂಬ ಚಿಂತೆ. ಈ ಪಾಠದಲ್ಲಿ ಅದನ್ನೇ ಕಲಿಯೋಣ.

ಇದು ಎಂಥ ತಪಾಸಣೆ?

ಸರಕಾರಿ ಆಸ್ಪತ್ರೆಗಳಿಗಾಗಿ ಕೇಂದ್ರ ಸರಕಾರ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳನ್ನು ತಂದಿತು. ಇದನ್ನೇ ಎನ್‌ಕ್ವಾಸ್ ಎನ್ನುತ್ತಾರೆ. ಮೊದಲು ಜಿಲ್ಲಾ ಆಸ್ಪತ್ರೆಗಳಿಗೆ ಬಂದದ್ದು ಆಮೇಲೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಬಂತು. ಹೀಗಾಗಿ ಇದು ಹಾವೇರಿ, ರಾಣೇಬೆನ್ನೂರಿಗೆ ಮಾತ್ರವಲ್ಲ, ಮೇಡ್ಲೇರಿಯಂಥ ಊರಿಗೂ ಸೇರಿದ ವಿಷಯ.

ತಪಾಸಣೆಯವರು ನಾಲ್ಕು ರೀತಿಯಲ್ಲಿ ಪರೀಕ್ಷೆ ಮಾಡುತ್ತಾರೆ: ಕಣ್ಣಾರೆ ನೋಡುತ್ತಾರೆ, ಕೆಲಸ ಮಾಡುವವರನ್ನು ಕೇಳುತ್ತಾರೆ, ದಾಖಲೆ ಓದುತ್ತಾರೆ, ರೋಗಿಗಳನ್ನು ಮಾತಾಡಿಸುತ್ತಾರೆ. ಒಂದು ಅಂಶ ಪೂರ್ತಿ ಸರಿಯಿದ್ದರೆ 2 ಅಂಕ, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಆದ್ದರಿಂದ ಬಾಯಿಪಾಠ ಇಲ್ಲಿ ನಡೆಯೋದಿಲ್ಲ. ನಾವು "ನೀರು ಬರ್ತದ್ರಿ" ಅಂದರೆ ಅವರು ನಲ್ಲಿ ತಿರುವಿ ನೋಡುತ್ತಾರೆ.

ಕೇಳಬಹುದಾದ ಪ್ರಶ್ನೆಗಳು

1. ನಿಮ್ಮ ಕೆಲಸವೇನು? ದಿನಾ ಮಾಡುವುದನ್ನೇ ಹೇಳಿರಿ. ಮಾಡದೇ ಇರುವುದನ್ನೂ ಹೇಳಿರಿ: "ಗುಳಿಗೆ, ಇಂಜೆಕ್ಷನ್ ನಾವು ಕೊಡೋದಿಲ್ರಿ."

2. ಕೈ ಯಾವಾಗ ತೊಳೆಯುತ್ತೀರಿ? ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ. ತೊಳೆದು ತೋರಿಸಿ ಎನ್ನಬಹುದು. ಸೋಪು ಹಚ್ಚಿ ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲ ಸೇರಿ 40ರಿಂದ 60 ಸೆಕೆಂಡು ಬೇಕು.

3. ಯಾವ ಕಸ ಯಾವ ಡಬ್ಬಿಗೆ? ರಕ್ತ ಹತ್ತಿದ ಅರಳೆ, ಬ್ಯಾಂಡೇಜು ಹಳದಿಗೆ. ಪ್ಲಾಸ್ಟಿಕ್ ಕೊಳವೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ. ಗಾಜು ನೀಲಿಗೆ. ನೆಲದ ಮೇಲೆ ಸೂಜಿ ಬಿದ್ದಿದ್ದರೆ ಬರಿಗೈಲಿ ಮುಟ್ಟದೆ ನರ್ಸನ್ನು ಕರೆಯಿರಿ.

4. ಬೆಂಕಿ ಬಿದ್ದರೆ? ಕೂಗಿ ಎಲ್ಲರಿಗೂ ತಿಳಿಸುವುದು, ರೋಗಿಗಳನ್ನು ಹೊರಗೆ ಸಾಗಿಸಲು ನೆರವಾಗುವುದು. ಹೊರಹೋಗುವ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿರಿ.

5. ಈ ರೋಗಿಗೆ ಏನು ಕಾಯಿಲೆ? "ಅದನ್ನ ನಾವು ಹೇಳೂದಿಲ್ರಿ, ಡಾಕ್ಟರನ್ನ ಕೇಳ್ರಿ." ರೋಗಿಯ ಗುಟ್ಟು ಕಾಯುವುದೂ ಸೇವೆಯೇ.

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ರಿ, ನರ್ಸ್ ಅಕ್ಕಾರನ್ನ ಕೇಳಿ ಹೇಳ್ತೀನಿ" ಎನ್ನಿರಿ. ಇದರಲ್ಲಿ ನಾಚಿಕೆಯೇನಿಲ್ಲ. ಯಾರನ್ನು ಕೇಳಬೇಕೆಂದು ಗೊತ್ತಿರುವುದೂ ತಿಳಿವಳಿಕೆಯೇ.

ಒಂದು ಎಚ್ಚರಿಕೆ

ಹಾಸಿಗೆ ಮೇಲಿದ್ದ ಬಾಣಂತಿಗೆ "ಹಿಂಗ ಹೇಳವ್ವಾ" ಎಂದು ಕಲಿಸಿಕೊಡಬೇಡಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಊಟ ಎಲ್ಲ ಉಚಿತ. "ರೊಕ್ಕ ಕೊಟ್ಟಿರೇನು?" ಎಂದು ತಪಾಸಣೆಯವರು ಕೇಳಿದಾಗ, ಕೊಟ್ಟವಳು "ಇಲ್ರಿ" ಅಂದರೆ ಆಸ್ಪತ್ರೆಗೆ ಅಂಕ ಸಿಗಬಹುದು. ಆದರೆ ನಾಳೆ ಅದೇ ಹಾಸಿಗೆಗೆ ಬರುವವಳು ನಮ್ಮ ಮಗಳೋ ಸೊಸೆಯೋ ಇರಬಹುದು. ಅವಳೂ ಸೆರಗಿನ ಗಂಟು ಬಿಚ್ಚಲೇಬೇಕಾಗುತ್ತದೆ. ಅಂಕ ಹೋದರೆ ಮತ್ತೆ ಗಳಿಸಬಹುದು. ಮುಚ್ಚಿಟ್ಟ ತಪ್ಪನ್ನು ತಿದ್ದುವವರು ಯಾರು?

ಹಾಗಾದರೆ ಕೊರತೆ ಕಂಡರೆ ತಪಾಸಣೆಯ ದಿನಕ್ಕೆ ಕಾಯಬಾರದು. ಸೋಪು ಇಲ್ಲ, ನೀರಿಲ್ಲ, ಪಾಯಖಾನೆಗೆ ಚಿಲಕವಿಲ್ಲ ಎಂಬುದನ್ನು ಇಂದೇ ವೈದ್ಯಾಧಿಕಾರಿಗೆ, ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಡೋಣ.

ಸಂಘದ ಸಭೆಯಲ್ಲಿ ಮಾಡಿರಿ

• ಇಬ್ಬಿಬ್ಬರು ಜೋಡಿಯಾಗಿ, ಒಬ್ಬರು ತಪಾಸಣೆಯವರಾಗಿ ಮೇಲಿನ ಐದು ಪ್ರಶ್ನೆ ಕೇಳಿರಿ.
• ಕೈ ತೊಳೆಯುವುದನ್ನು ಎಲ್ಲರೂ ಮಾಡಿ ತೋರಿಸಿರಿ.
• ಚರ್ಚಿಸಿರಿ: ನಮ್ಮ ಆಸ್ಪತ್ರೆಯಲ್ಲಿ ತುರ್ತಾಗಿ ಸರಿಯಾಗಬೇಕಾದ ಮೂರು ಸಂಗತಿ ಯಾವುವು? ಅರ್ಜಿ ಬರೆಯುವವರು ಯಾರು, ಯಾವ ದಿನ ಕೊಡುವುದು? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿರಿ.