ಬಡ್ತಿಯನ್ನು ಬಿಟ್ಟವರ ಅಳಲು



ವೃದ್ಧೆಯಾದ ತಾಯಿಯವರನ್ನು ಸಾಗರದ ಮನೆಯಲ್ಲಿ ಒಬ್ಬರನ್ನೇ ಬಿಡಲಾರದೆ ಬ್ಯಾಂಕಿನ ಬಡ್ತಿಯನ್ನು ನಿರಾಕರಿಸಿದ ನೀವು, ಸಹೋದ್ಯೋಗಿಗಳು ಮುಂಬಯಿಯಲ್ಲಿ ಉನ್ನತ ಪದವಿಗಳನ್ನೇರಿದ ವಾರ್ತೆಯನ್ನು ಕೇಳಿದಾಗಲೆಲ್ಲ ಮನಸ್ಸು ಕಹಿಯಾಗುವುದೆಂದೂ, ಹಾಗಾದರೆ ನಿಮ್ಮ ಮಾತೃಭಕ್ತಿಯೇ ಕಪಟವೆ ಎಂದೂ ಕೇಳಿದ್ದೀರಿ.

ಕಪಟವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ ಅವರು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜೀವನದ ಗಮ್ಯಗಳಾದ 18 ಮೌಲ್ಯಗಳನ್ನೂ ನಡತೆಯ ಮಾರ್ಗಗಳಾದ 18 ಮೌಲ್ಯಗಳನ್ನೂ ಪಟ್ಟಿಮಾಡಿ, ಅವನ್ನು ತಮಗೆ ಮುಖ್ಯವೆನಿಸಿದ ಕ್ರಮದಲ್ಲಿ ಜೋಡಿಸುವಂತೆ ಜನರನ್ನು ಕೇಳುವ ವಿಧಾನವನ್ನು ವಿವರಿಸಿದ್ದಾರೆ. ಏಕೆಂದರೆ ಅವರ ಮತದಲ್ಲಿ ಮೌಲ್ಯಗಳು ಎಲ್ಲರಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದ್ದು, ಮನುಷ್ಯರನ್ನು ಪರಸ್ಪರ ಭಿನ್ನರನ್ನಾಗಿಸುವುದು ಅವುಗಳ ತಾರತಮ್ಯವೇ. ತಾಯಿಯ ಸೇವೆಯನ್ನು ಮೇಲಿರಿಸಿದ ಮಾತ್ರಕ್ಕೆ ಸಾಧನೆಯ ಹಂಬಲವು ನಿಮ್ಮಿಂದ ಅಳಿದುಹೋಗಲಿಲ್ಲ. ಕೆಳಗಿನ ಸ್ಥಾನದಲ್ಲಿದ್ದುಕೊಂಡೇ ಅದು ತನಗೆ ಸಲ್ಲತಕ್ಕುದನ್ನು ಕೇಳುತ್ತಿದೆ. ಅದನ್ನು ಪಾಪವೆಂದು ಹತ್ತಿಕ್ಕಬೇಡಿರಿ. ಹತ್ತಿಕ್ಕಿದ ಹಂಬಲವು ಒಂದಲ್ಲ ಒಂದು ದಿನ ತಾಯಿಯ ಮೇಲಣ ಸಿಡುಕಾಗಿ ಹೊರಬೀಳುವುದೆಂಬ ಭಯ ನನಗಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಬೇರೊಂದುಂಟು: “ಊರವರು ಏನೆಂದಾರು?” ನೆಂಟರೂ ನೆರೆಯವರೂ ಬಾಯಿಬಿಡದಿದ್ದ ಪಕ್ಷದಲ್ಲಿಯೂ ಇದೇ ನಿರ್ಧಾರವನ್ನು ಕೈಗೊಳ್ಳುತ್ತಿದ್ದಿರೆ? ಹೌದೆಂದಾದರೆ ಆ ಮೌಲ್ಯ ನಿಮ್ಮದು. ಅಲ್ಲವೆಂದಾದರೆ ನೀವು ಹೊತ್ತಿರುವುದು ಲೋಕಾಪವಾದದ ಭೀತಿಯನ್ನು. ಇದನ್ನು ಏಕಾಂತದಲ್ಲಿ ನಿರ್ಣಯಿಸಿಕೊಂಡು, ಬಳಿಕ ತಾಯಿಯವರೊಡನೆಯೇ ಮನಬಿಚ್ಚಿ ಮಾತನಾಡಿರಿ. ಅವರ ಇಚ್ಛೆಯೇನೆಂದು ನೀವು ಒಮ್ಮೆಯಾದರೂ ಕೇಳಿದಂತೆ ಪತ್ರದಿಂದ ತೋರುವುದಿಲ್ಲ.